ಭಾನುವಾರ ಬರುವ ತಲೆನೋವು

ಬೆಳಗಿನ ಐದೂ ಮುಕ್ಕಾಲು. ಹೊಸೂರು ಬಳಿಯ ತಳಿ ಊರಿನ ಸಮೀಪದ ಗುಲಾಬಿ ತೋಟದ ಪಾಲಿಹೌಸ್ ಮುಂದೆ ಗಂಗರತ್ನಮ್ಮ ಟೀ ಕ್ಯಾನು, ಅಂಬಲಿ ಪಾತ್ರೆ ಇಳಿಸುತ್ತಾರೆ. ಹೂ ಕತ್ತರಿಸುವ ಹೆಂಗಸರು ಬಂದು ಲೋಟ ಹಿಡಿಯುತ್ತಾರೆ. ಕೆಲವರು ಇನ್ನೊಂದು ಕೈಯನ್ನೂ ಚಾಚುತ್ತಾರೆ. ಆ ಕೈ ಬರಿದಾಗಿಯೇ ಹಿಂದೆ ಸರಿಯುತ್ತದೆ.

"ಬಿಳೀದು ಒಂದು ಕೊಡಕ್ಕಾ, ತಲೆ ಸಿಡೀತೈತೆ," ಎನ್ನುತ್ತಾಳೆ ಶಾಂತಿ.

"ಮೊದ್ಲು ಅಂಬ್ಲಿ ಕುಡಿ. ಹೊಟ್ಟೆ ಖಾಲಿ ಐತೆ."

"ಅಂಬ್ಲೀಲೇ ತಲೆನೋವು ಹೋಗಂಗಿದ್ರೆ ಡಾಕ್ಟ್ರುಗಳೆಲ್ಲ ರಾಗಿ ಬೀಸ್ಕಂಡು ಕೂತಿರೋರು!"

ಎಲ್ಲರೂ ನಗುತ್ತಾರೆ, ಗಂಗರತ್ನಮ್ಮನವರೊಬ್ಬರನ್ನು ಬಿಟ್ಟು.

ಐವತ್ತೆರಡರ ಇವರು ಇಲ್ಲಿ ಟೀ ಮಾರಲು ತೊಡಗಿ ಹದಿನೇಳು ವರ್ಷ. ಮೊದಲ ಹದಿನಾಲ್ಕು ವರ್ಷ ಟೀ ಜೊತೆಗೆ ಮಾತ್ರೆಯನ್ನೂ ಕೊಡುತ್ತಿದ್ದರು. ಹೊಸೂರಿನಿಂದ ತಂದ ಮಾತ್ರೆಪಟ್ಟಿಯನ್ನು ಹೂವಿನ ಕತ್ತರಿಯಲ್ಲೇ ಒಂದೊಂದಾಗಿ ತುಂಡು ಮಾಡಿ ಹಂಚುವುದು ರೂಢಿ. ತುಂಡಾದ ಮೇಲೆ ಹೆಸರಿಲ್ಲ, ತಾರೀಕಿಲ್ಲ, ಒಳಗೇನಿದೆ ಎಂಬುದೂ ಇಲ್ಲ. ತಲೆಗೆ ಬಿಳಿಯದು, ಮೈನೋವಿಗೆ ಗುಲಾಬಿ ಬಣ್ಣದ್ದು. ಎರಡರಲ್ಲೂ ಪ್ಯಾರಾಸಿಟಮಾಲ್ ಮತ್ತು ಕೆಫೀನ್ ಇದ್ದವು. ಬಿಳಿಯದರಲ್ಲಿ ಆಸ್ಪಿರಿನ್ ಬೇರೆ. ಎರಡನ್ನೂ ಒಟ್ಟಿಗೆ ನುಂಗಿ, ಮೇಲೆ ಗಟ್ಟಿ ಟೀ ಕುಡಿಯುತ್ತಿದ್ದವರೇ ಹೆಚ್ಚು.

ಭಾನುವಾರ ಹೂ ಕತ್ತರಿಸುವ ಕೆಲಸಕ್ಕೆ ರಜೆ, ಪ್ಯಾಕಿಂಗ್ ಶೆಡ್ ಮಾತ್ರ ತೆರೆದಿರುತ್ತದೆ. ಹತ್ತು ಗಂಟೆಯೊಳಗೆ ಹೆಂಗಸರು ಇವರ ಮನೆ ಬಾಗಿಲಲ್ಲಿರುತ್ತಿದ್ದರು, ತಲೆಗೆ ಸೆರಗು ಬಿಗಿದುಕೊಂಡು. "ದುಡಿಯೋ ಮೈಗೆ ರಜಾ ಒಗ್ಗಲ್ಲ ಅಂತ ಎಲ್ರೂ ಅಂದ್ಕಂಡಿದ್ವಿ. ಕೆಲವ್ರು ಅದಕ್ಕೇ ಭಾನುವಾರವೂ ಪ್ಯಾಕಿಂಗಿಗೆ ಹೋಗ್ಬುಡೋರು," ಎನ್ನುತ್ತಾರೆ ಗಂಗರತ್ನಮ್ಮ.

ಮೂರು ವರ್ಷದ ಹಿಂದೆ ಶಾಂತಿಯ ಅಕ್ಕ ನಾಗಲಕ್ಷ್ಮಿ ಗುಲಾಬಿ ಸಾಲಿನ ನಡುವೆ ರಕ್ತ ಕಾರಿ ಬಿದ್ದಳು. ದಿನಕ್ಕೆ ನಾಲ್ಕು ಮಾತ್ರೆ ನುಂಗುತ್ತಿದ್ದಳು. ವಾರಗಳಿಂದ ಮಲ ಕಪ್ಪಗೆ ಹೋಗುತ್ತಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಕೃಷ್ಣಗಿರಿ ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಯಿತು. "ಆವತ್ತು ಬೆಳಗ್ಗೆ ಮಾತ್ರೆ ಕೊಟ್ಟಿದ್ದು ಈ ಕೈಯೇ," ಎನ್ನುತ್ತಾರೆ ಗಂಗರತ್ನಮ್ಮ.

ಅದರ ಬಳಿಕ ಗಂಗರತ್ನಮ್ಮ ಆರೋಗ್ಯ ಕೇಂದ್ರಕ್ಕೆ ಹೋಗಿ ಭಾನುವಾರದ ತಲೆನೋವಿನ ವಿಷಯ ಕೇಳಿದರು. ವೈದ್ಯೆ ಶ್ರೀವಿದ್ಯಾ ವಿವರಿಸುತ್ತಾರೆ: "ಇಂಥ ಮಾತ್ರೆಯನ್ನು ತಿಂಗಳಲ್ಲಿ ಹತ್ತು ದಿನ ಇಲ್ಲವೇ ಹೆಚ್ಚು, ಹೀಗೇ ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು. ಒಗ್ಗಿಹೋದ ಕೆಫೀನ್ ಒಂದು ದಿನ ತಪ್ಪಿದರೂ ತಲೆ ಸಿಡಿಯುತ್ತದೆ. ಆಸ್ಪಿರಿನ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಹುದು. ಮಲ ಕಪ್ಪಾದರೆ ಒಂದು ದಿನವೂ ಕಾಯಬಾರದು."

ದಿನಕ್ಕೆರಡು ನುಂಗುತ್ತಿದ್ದ ಗಂಗರತ್ನಮ್ಮ ವೈದ್ಯೆಯ ಸಲಹೆಯಂತೆ ಮೊದಲು ತಾವೇ ಬಿಟ್ಟರು. ಹನ್ನೊಂದು ದಿನ ಒದ್ದಾಡಿದರು. ಹನ್ನೆರಡನೆಯ ದಿನ ತಲೆ ಹಗುರವಾಯಿತು. ಅಂದಿನಿಂದ ಎಲ್ಲರಿಗೂ ಬಿಡಲು ಹೇಳುತ್ತಲೇ ಇದ್ದಾರೆ. ಇಪ್ಪತ್ತಾರು ಹೆಂಗಸರಲ್ಲಿ ಬಿಟ್ಟವರು ನಾಲ್ವರು. ಉಳಿದವರಿಗೆ ತೋಟದ ಗೇಟಿನ ಪೆಟ್ಟಿಗೆ ಅಂಗಡಿಯಲ್ಲಿ ಟೀ, ಮಾತ್ರೆ ಎರಡೂ ಸಿಗುತ್ತವೆ. ಅರವತ್ತು ಲೋಟ ಖರ್ಚಾಗುತ್ತಿದ್ದ ಕ್ಯಾನು ಈಗ ಮೂವತ್ತೈದಕ್ಕೆ ನಿಲ್ಲುತ್ತದೆ.

"ತಲೆ ಹಿಡ್ಕಂಡು ಕೂತ್ರೆ ಹೂವು ಯಾರು ಕುಯ್ಯೋದು, ಗಂಗಕ್ಕಾ? ನೀನೇನು ಡಾಕ್ಟ್ರಾ?" ಎನ್ನುತ್ತಾನೆ ಮೇಲ್ವಿಚಾರಕ ಮುನೀಶ್.

ಶಾಂತಿಗೆ ತಿಂಗಳಿಂದ ಹೊಟ್ಟೆಯಲ್ಲಿ ಉರಿ. ಕರೆದರೂ ಆಸ್ಪತ್ರೆಗೆ ಬರುವುದಿಲ್ಲ. ಇವತ್ತೂ ಅಂಬಲಿಯ ಲೋಟವನ್ನು ಹಾಗೇ ಇಟ್ಟು ಗೇಟಿನತ್ತ ಹೊರಟವಳು ತಿರುಗಿ ನಿಲ್ಲುತ್ತಾಳೆ: "ನಮ್ಮಕ್ಕಂಗೆ ಕೇಳ್ದಾಗೆಲ್ಲ ಕೊಟ್ಟೆ. ನಂಗ್ಯಾಕೆ ಕೊಡಲ್ಲ?"

ಗಂಗರತ್ನಮ್ಮ ಲೋಟಗಳನ್ನು ತೊಳೆಯುತ್ತಾರೆ. ಅವರ ಆಸೆ ದೊಡ್ಡದಲ್ಲ. "ಈಗ್ಲೂ ಭಾನುವಾರ ಮಾತ್ರೆ ಕೇಳ್ಕಂಡು ಬರ್ತಾರೆ. ಒಂದು ಭಾನುವಾರ ನನ್ನ ಬಾಗ್ಲು ಯಾರೂ ತಟ್ಬಾರ್ದು, ಅಷ್ಟೇ. ಹೋದ ವಾರ ಶಾಂತಿ ತಟ್ಲಿಲ್ಲ. ಬಿಟ್ಬುಟ್ಲೇನೋ ಅಂತ ಒಂದು ಗಳಿಗೆ ಖುಷಿಯಾಯ್ತು. ಆಮೇಲೆ ಅವ್ಳಕ್ಕನ ನೆಪ್ಪಾಯ್ತು, ಅವ್ಳ ಮನೇಗೆ ಓಡ್ದೆ. ಬೀಗ ಹಾಕಿತ್ತು. ಅದೇ ತಲೆನೋವಿಗೆ ಪ್ಯಾಕಿಂಗಿಗೆ ಹೋಗಿದ್ಲು."