ಮೊಣಕಾಲಿಗೆ ಹೊದಿಸಿದ ಶಾಲು

ಹೋದ ಭಾನುವಾರ ಕುರುಗೋಡಿನಲ್ಲಿ ನನಗೆ ಸನ್ಮಾನವಾಯಿತು. ಶಾಲು, ಪೇಟ, ಗಂಧದ ಹಾರ (ಗಂಧದ್ದಲ್ಲ, ಗಂಧದ ಬಣ್ಣದ್ದು), ಹಣ್ಣಿನ ಬುಟ್ಟಿ, ಜೊತೆಗೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ನೆನಪಿನ ಕಾಣಿಕೆ. ‘ಗುಡ್ಡ ಓಟದ ಹಿರಿಯ ಮಹಿಳೆ’ ಎಂಬ ಕಾರಣಕ್ಕೆ ಈ ಗೌರವ. ಅವತ್ತು ಗುಡ್ಡ ಹತ್ತಲು ಮಾತ್ರ ಯಾರನ್ನೂ ಬಿಡಲಿಲ್ಲ.

ಖುಷಿ ಪಡುವ ವಿಷಯವಲ್ಲವೇ, ಇದರಲ್ಲಿ ಗೋಳು ಏನು ಬಂತು ಅಂತೀರಾ? ಸ್ವಲ್ಪ ತಾಳಿ.

ನನ್ನ ಓಟದ ಹುಚ್ಚು ಈ ಅಂಕಣ ಓದುವವರಿಗೆ ಹೊಸದಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮದೊಂದು ಸ್ಟೇಷನರಿ ಅಂಗಡಿ ಇದೆ. ಹೋಲ್‌ಸೇಲ್ ಗಂಡನದು, ಚಿಲ್ಲರೆ ವ್ಯಾಪಾರ ನನ್ನದು. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿ ಇಳಿಸುವವರೆಗೆ ಗಲ್ಲಾದ ಮುಂದೆ ನಿಂತಿರುವುದೇ ನನ್ನ ಕೆಲಸ. ಪೆನ್ನು ಕೊಡಿ, ರಟ್ಟು ಕೊಡಿ, ಜೆರಾಕ್ಸ್ ಎಲ್ಲಿ ಮಾಡ್ತಾರೆ ಹೇಳಿ. ದಿನಕ್ಕೊಂದು ತಾಸು ಯಾರೂ ನನ್ನನ್ನು ಏನೂ ಕೇಳದ ಜಾಗ ಬೇಕು ಅನ್ನಿಸಿತು. ಅದು ಗುಡ್ಡದ ಮೇಲೆ ಸಿಕ್ಕಿತು. ಏರುವಾಗ ಎದೆಯಲ್ಲಿ ಉಸಿರು ಬಿಟ್ಟು ಬೇರೇನೂ ಇರುವುದಿಲ್ಲ. ನನ್ನ ಬದುಕಿನಲ್ಲಿ ಅಷ್ಟು ನಿರಾಳ ಬೇರೆಲ್ಲೂ ಕಂಡಿಲ್ಲ.

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಹೊರಗಿನವರು ನಗುತ್ತಾರೆ. ಸುಳ್ಳು. ನಮಗೂ ಚಳಿಗಾಲವಿದೆ. ನಸುಕಿನಲ್ಲಿ ಬಂದು ಎಂಟು ಗಂಟೆಗೆಲ್ಲ ಎದ್ದು ಹೋಗುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ನಮ್ಮ ಸತ್ಯನಾರಾಯಣಪೇಟೆಯ ಓಣಿಯಲ್ಲಿ ರಟ್ಟಿನ ಡಬ್ಬಿ ಸುಟ್ಟು ಬೆಂಕಿ ಕಾಯಿಸುವವರು, ಮಂಕಿ ಕ್ಯಾಪಿನೊಳಗೆ ಬರೀ ಮೂಗು ಕಾಣುವ ಹಿರಿಯರು. ಅವರ ಮಧ್ಯೆ ನಾನು ಟೀ ಶರ್ಟ್ ಹಾಕಿಕೊಂಡು ಓಡುತ್ತಿದ್ದೆ. ಪಕ್ಕದ ಮನೆಯ ತೆಲುಗಿನ ಅಮ್ಮ ಮೊನ್ನೆಮೊನ್ನೆಯವರೆಗೂ ಗೇಟು ಹಿಡಿದು ಗಾಬರಿಯಿಂದ ಕೂಗುತ್ತಿದ್ದರು. “ಎಂದುಕಮ್ಮಾ ಈ ಪರುಗು? ಯಾಕಿಷ್ಟು ಓಟ? ಯಾರಿಗೇನಾತು?” ಮನೆಯಲ್ಲಿ ಏನೋ ಆಗದೆ ಹೆಂಗಸು ಹೀಗೆ ಓಡುವುದಿಲ್ಲ ಎಂಬುದು ಅವರ ನಂಬಿಕೆ.

ನನ್ನ ಜೊತೆಗಾರ್ತಿ ಶರಣಕ್ಕ. ಸಿರುಗುಪ್ಪದ ಹೈಸ್ಕೂಲಿನಲ್ಲಿ ಟೀಚರು. ಆ ಊರಿನ ಸುತ್ತ ಭತ್ತದ ಗದ್ದೆ ಬಿಟ್ಟರೆ ಏನೂ ಇಲ್ಲ. “ನಮ್ಮೂರಾಗ ಎತ್ತರದ್ದು ಅಂದ್ರ ಹುಲ್ಲಿನ ಬಣವಿ ಒಂದ ನೋಡವಾ” ಅನ್ನುತ್ತಾಳೆ. ವಾರವಿಡೀ ಕಾಲುವೆ ಏರಿಯ ಮೇಲೆ ಓಡುವುದು, ಭಾನುವಾರ ಮೊದಲ ಬಸ್ಸು ಹಿಡಿದು ಗುಡ್ಡ ಹುಡುಕಿಕೊಂಡು ಬರುವುದು ಅವಳ ಪದ್ಧತಿ.

ಹೋದ ಚಳಿಗಾಲದಲ್ಲಿ ಕುರುಗೋಡಿನ ಗುಡ್ಡ ಏರಲು ಹೊರಟಿದ್ದೆವು. ತುದಿಯ ಬಂಡೆ ಎದುರಿಗೇ ಕಾಣುತ್ತಿತ್ತು. ಅಲ್ಲಿಯೇ ನನ್ನ ಬಲ ಮೊಣಕಾಲು ಕೈಕೊಟ್ಟಿತು. ಕೂತುಬಿಟ್ಟೆ. “ನೀ ಹೋಗಿ ಬಾ” ಅಂದರೆ ಶರಣಕ್ಕ ಒಪ್ಪಲಿಲ್ಲ. ನನ್ನ ತೋಳು ತನ್ನ ಹೆಗಲಿಗೆ ಹಾಕಿಕೊಂಡು ಕೆಳಗಿಳಿಸಿದಳು. ತುದಿ ಇಬ್ಬರಿಗೂ ಬಾಕಿ ಉಳಿಯಿತು.

ಈ ಸಲ ಚಳಿ ಬೀಳುವ ಹೊತ್ತಿಗೆ ಕಂಟೋನ್ಮೆಂಟಿನಲ್ಲಿರುವ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. “ಇಲ್ಲಿ ಗಾದಿ ಇರಬೇಕಿತ್ರಿ. ಸವದು ಹೋಗೇತಿ. ಹತ್ತಾಕ ನಂದೇನೂ ತಕರಾರಿಲ್ಲ, ಇಳಿಯೋದ ಬ್ಯಾಡ.”

“ಹತ್ತಿದ ಮ್ಯಾಲ ಅಲ್ಲೇ ಮನಿ ಮಾಡ್ಲೇನ್ರಿ ಡಾಕ್ಟ್ರ?”

ಅವರು ನಗಲಿಲ್ಲ. ಆಮೇಲೆ ನಾನು ಚೌಕಾಸಿಗೆ ಇಳಿದೆ. (ಅಂಗಡಿಯವಳಲ್ಲವೇ?) ಒಂದೇ ಒಂದು ಗುಡ್ಡ, ಕುರುಗೋಡಿನದು, ಆಮೇಲೆ ನಿಮ್ಮ ಮಾತು ಮೀರುವುದಿಲ್ಲ ಅಂದೆ. ಓಡುತ್ತಾ ಏರುತ್ತೇನೆ, ಇಳಿಯುವಾಗ ಶರಣಕ್ಕನ ಕೈ ಹಿಡಿದು ಕೂತು ಕೂತು ಇಳಿಯುತ್ತೇನೆ ಅಂದೆ. ಕೊನೆಗೆ ಅವರೇ ಸೋತರು. ಹಿಂದಿನ ದಿನ ಬಂದು ಇಂಜೆಕ್ಷನ್ ಹಾಕಿಸಿಕೊಳ್ಳಲು ಹೇಳಿದರು. “ಇದು ನೋವು ಮರೆಸತೈತಿ, ಕಾಲು ಹೊಸಾದು ಮಾಡಂಗಿಲ್ಲ. ಒಂದ ಸಲ. ಮತ್ತ ಕೇಳಾಕ ಬರಬ್ಯಾಡ್ರಿ.”

ದಿನವನ್ನೂ ನಮಗೆ ಬೇಕಾದ ಹಾಗೆ ಆರಿಸುವಂತಿರಲಿಲ್ಲ. ಆ ಗುಡ್ಡದಲ್ಲಿ ಈಚೆಗೆ ಕರಡಿ ಓಡಾಟ ಜಾಸ್ತಿ. ನಸುಕಿನಲ್ಲಿ ಯಾರನ್ನೂ ಮೇಲೆ ಬಿಡುವುದಿಲ್ಲ. ನಮ್ಮ ಓಟಗಾರರ ಬಳಗದ ಬಸಣ್ಣ ಹೇಗೋ ಓಡಾಡಿ, ಗುಡ್ಡ ಓಟಕ್ಕೆಂದು ಅರಣ್ಯ ಇಲಾಖೆಯಿಂದ ಒಂದು ಭಾನುವಾರಕ್ಕೆ ಅನುಮತಿ ತಂದಿದ್ದ. ಕುರುಗೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ಒಳ್ಳೆಯ ಮನುಷ್ಯ. ದಾರಿಯುದ್ದಕ್ಕೂ ಜನ ನಿಲ್ಲಿಸುತ್ತೇವೆ, ಏನೂ ಭಯವಿಲ್ಲ ಅಂದ. “ಆರಕ್ಕ ಅಂದ್ರ ಆರಕ್ಕರಿ ಅಕ್ಕಾರ. ಬಿಸಿಲು ಬರೋದ್ರಾಗ ಹತ್ತಿ ಇಳದಿರ್ತೀವಿ.”

ನಾನು ನಂಬಿದೆ. ಹಿಂದಿನ ದಿನ ಮೊಣಕಾಲಿಗೆ ಸೂಜಿ ಚುಚ್ಚಿಸಿಕೊಂಡೆ. ಹೇಗಿತ್ತು ಅಂತ ವರ್ಣಿಸಿ ನಿಮ್ಮ ತಿಂಡಿ ಕೆಡಿಸುವುದಿಲ್ಲ.

ಭಾನುವಾರ ಕತ್ತಲಿರುವಾಗಲೇ ಅಲ್ಲಿಗೆ ಹೋದರೆ ಏನಿತ್ತು? ಪೆಂಡಾಲು. ಕೆಂಪು ಜಮಖಾನೆ. ಬಿಳಿ ಬಟ್ಟೆ ಸುತ್ತಿದ ಕುರ್ಚಿಗಳು. ವೇದಿಕೆಯ ಹಿಂದೆ ಮುಖ್ಯ ಅತಿಥಿಗಳು ಕೈಮುಗಿದು ನಿಂತ ದೊಡ್ಡ ಬ್ಯಾನರು. ಅದು ಎಷ್ಟು ದೊಡ್ಡದಿತ್ತೆಂದರೆ ಅದರ ಹಿಂದಿದ್ದ ಗುಡ್ಡ ಕಾಣುತ್ತಿರಲಿಲ್ಲ.

ಓಟಕ್ಕೆ ಬಾವುಟ ತೋರಿಸಬೇಕಾದವರು ಆ ಅತಿಥಿಗಳು. ಆರು ಗಂಟೆಗೆ ಬಸಣ್ಣ ಫೋನು ಕಿವಿಯಿಂದ ತೆಗೆದು “ಮನಿ ಬಿಟ್ಟಾರ” ಅಂದ. ಸ್ವಲ್ಪ ಹೊತ್ತಿಗೆ “ದಾರ್ಯಾಗ ಅದಾರ” ಆಯಿತು. ಆಮೇಲೆ “ಬಂದ್ರು, ಬಂದ ಬಿಟ್ರು”. ಈ ಮೂರು ಮಾತು ನಂಬಿ ನಮ್ಮ ನಾಡಿನಲ್ಲಿ ಎಷ್ಟು ಜನರ ಎಷ್ಟು ಬೆಳಗುಗಳು ಹಾಳಾಗಿವೆಯೋ!

ಮೊದಲು ಎಲ್ಲರೂ ಕೈಕಾಲು ಜಾಡಿಸಿ ಮೈ ಬಿಸಿ ಮಾಡಿಕೊಂಡೆವು. ಅದು ಆರಿತು. ಮತ್ತೆ ಮಾಡಿದೆವು. ಗಾಳಿ ತಣ್ಣಗೆ ಕೊರೆಯುತ್ತಿತ್ತು. ಓಡಲು ಹೇಳಿ ಮಾಡಿಸಿದಂಥ ಬೆಳಗು ಕಣ್ಣೆದುರಿಗೇ ಕರಗುತ್ತಿತ್ತು. ಶರಣಕ್ಕ ನನ್ನ ಕಿವಿಯಲ್ಲಿ “ಏ ವಿಜಿ, ನಾವಿಬ್ರ ಹೋಗಿಬಿಡೋಣು ನಡಿ” ಅಂದಳು. ಹೋದೆವು. ಕಾಲುದಾರಿಯ ಬಾಯಲ್ಲಿ ನಿಂತಿದ್ದ ಅರಣ್ಯದ ಗಾರ್ಡು ಕೈ ಅಡ್ಡ ಹಿಡಿದ.

“ಬಾವುಟ ತೋರಸಲಾರದ ಬಿಡಾಕ ಬರಂಗಿಲ್ರಿ ಅಕ್ಕಾರ. ನನ್ನ ನೌಕರಿ ಹೊಕ್ಕೈತಿ.”

ಅವನದೇನು ತಪ್ಪು? ವಾಪಸು ಬಂದು ಸಾಲಿನಲ್ಲಿ ನಿಂತೆವು. ಬಿಸಿಲು ಬಂತು. ಬಂಡೆಗಳು ಹೊಳೆಯತೊಡಗಿದವು. ನೋಡಿ, ಕಾಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅಂಗಡಿಯಲ್ಲಿ ಗಿರಾಕಿ ತುಸು ತಡ ಮಾಡಿದರೂ ರೇಗುವ ನಾನೂ ಬಿಡಲಿಲ್ಲ.

ಒಂಬತ್ತರ ಸುಮಾರಿಗೆ ಕಾರುಗಳು ಬಂದವು. ದೊಡ್ಡವರು ಬಂದರೆ ಪಟಾಕಿ ಹೊಡೆಯುವುದು ನಮ್ಮ ಕಡೆಯ ರಿವಾಜು. ಮದುವೆಗೂ, ಮತ ಕೇಳಲು ಬಂದಾಗಲೂ, ಬೋರ್‌ವೆಲ್ ಪೂಜೆಗೂ. ಹಿಂದಿನ ದಿನವೇ ಗಾರ್ಡು ಬಸಣ್ಣನಿಗೆ ಹೇಳಿದ್ದನಂತೆ, ದಾರಿ ಪಕ್ಕದ ದೊಡ್ಡ ಬಂಡೆಯ ಕೆಳಗೆ ಹೆಜ್ಜೇನು ಕಟ್ಟಿದೆ, ಸದ್ದು ಬೇಡ ಎಂದು. ಬಸಣ್ಣ ತನ್ನವರಿಗೆಲ್ಲ ಹೇಳಿದ್ದ. ಅತಿಥಿಗಳ ಹಿಂದೆ ಬಂದವರಿಗೆ ಹೇಳುವುದು ಯಾರು? ಅವರು ಪಟಾಕಿ ಸರ ಬಿಚ್ಚಿ, ಬಂಡೆಯ ಬುಡದ ತನಕ ಉದ್ದಕ್ಕೆ ಹಾಸಿ ಬೆಂಕಿ ಕೊಟ್ಟರು.

“ಲೇ! ಬ್ಯಾಡ್ರೋ! ಬ್ಯಾಡ್ರಲೇ!” ಗಾರ್ಡು ಓಡಿ ಬಂದ. ಅವನ ಕೂಗು ಪಟಪಟ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಸದ್ದು ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಮೇಲೆ ಬಂಡೆಯ ಹೊಟ್ಟೆಯಿಂದ ಕಪ್ಪಗೆ ಏನೋ ಎದ್ದಿತು. ಮೊದಲು ಹೊಗೆ ಅಂದುಕೊಂಡೆ. ಅದು ಹೊಗೆಯಾಗಿರಲಿಲ್ಲ. ನಾವೆಲ್ಲ ಜಮಖಾನೆ ಹೊದ್ದು ಪೆಂಡಾಲಿನ ಅಡಿ ಮುದುರಿಕೊಂಡೆವು. ಅತಿಥಿಗಳು ಕಾರಿನ ಗಾಜು ಏರಿಸಿಕೊಂಡು ಕೂತರು. ಪುಣ್ಯಕ್ಕೆ ಹುಳುಗಳು ಕೆಳಗೆ ಬರಲಿಲ್ಲ, ಯಾರಿಗೂ ಕಚ್ಚಲಿಲ್ಲ. ಆದರೆ ಮೇಲೆ ಸುತ್ತುವುದನ್ನು ನಿಲ್ಲಿಸಲೂ ಇಲ್ಲ. ನಮ್ಮ ದಾರಿ ಇದ್ದದ್ದು ಅಲ್ಲೇ, ಆ ಬಂಡೆಯ ಪಕ್ಕದಲ್ಲಿಯೇ.

“ಇವತ್ತ ಯಾರನ್ನೂ ಮ್ಯಾಲ ಬಿಡಂಗಿಲ್ಲ” ಅಂದ ಗಾರ್ಡು. ನನ್ನ ಮುಖ ನೋಡಿ ದನಿ ತಗ್ಗಿಸಿದ. “ಅವು ಸಂಜಿತನಕ ಸಮಾಧಾನ ಆಗಂಗಿಲ್ರಿ ಅಕ್ಕಾರ. ಅನುಮತಿ ಇರೋದು ಇವತ್ತಿಂದಷ್ಟ.”

ಅಲ್ಲಿಗೆ ಮುಗಿಯಿತು. ಮನೆಗೆ ಹೋಗೋಣ ಅಂದುಕೊಂಡೆ. ಇಲ್ಲ. ಓಟ ನಿಂತರೆ ನಿಲ್ಲಲಿ, ಕಾರ್ಯಕ್ರಮ ನಿಲ್ಲಬಾರದಲ್ಲ? ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಸಸಿಗೆ ನೀರು ಹಾಕಿ ಉದ್ಘಾಟನೆಯಾಯಿತು. ಆಮೇಲೆ ಮೈಕಿನಲ್ಲಿ ನನ್ನ ಹೆಸರು ಕರೆದರು. ಬಸಣ್ಣ ಬಂದು ಕೈಮುಗಿದು ನಿಂತ. ಅವನ ಕಣ್ಣಿನಲ್ಲಿ ನೀರಿತ್ತು. ಎದ್ದು ವೇದಿಕೆಗೆ ಹೋದೆ.

ಶಾಲು ಹೊದಿಸಿದರು. ಪೇಟ ತೊಡಿಸಿದರು. ಅದು ಅಳತೆಗೆ ದೊಡ್ಡದು, ಹುಬ್ಬಿನ ತನಕ ಇಳಿಯಿತು. ಕುರ್ಚಿಯಲ್ಲಿ ಕೂರಿಸಿದರು. ಅತಿಥಿಗಳು ಮಾತಾಡಿದರು. ಬದುಕು ಒಂದು ಗುಡ್ಡ, ಅದನ್ನು ಏರುವ ಛಲ ಬೇಕು, ಈ ವಯಸ್ಸಿನಲ್ಲೂ ಈ ತಾಯಿ ನಮಗೆಲ್ಲ ಮಾದರಿ. ಚಪ್ಪಾಳೆ. ನಾನು ನನ್ನ ಮೊಣಕಾಲು ನೋಡುತ್ತಾ ಕೂತಿದ್ದೆ. ಒಂದು ಚೂರೂ ನೋವಿರಲಿಲ್ಲ. ವರ್ಷದಿಂದ ಅಷ್ಟು ಹಗುರವಾಗಿರಲಿಲ್ಲ ಅದು. ಮಡಚಿದರೆ ಮಡಚುತ್ತಿತ್ತು, ಚಾಚಿದರೆ ಚಾಚುತ್ತಿತ್ತು. ಇನ್ನೆಂದೂ ಸಿಗದ ಆ ಒಂದು ದಿನದ ಕಾಲನ್ನು ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಳೆಯುತ್ತಿದ್ದೆ. ಎದ್ದು ನಿಂತು ಗಟ್ಟಿಯಾಗಿ ಅಳಬೇಕು ಅನ್ನಿಸಿತು. ಅದರ ಬದಲು ಫೋಟೋಕ್ಕೆ ನಕ್ಕೆ.

ಕೊನೆಗೆ ‘ಸಾಂಕೇತಿಕ ಓಟ’. ಬಾವುಟ ತಂದಾಗಿತ್ತಲ್ಲ, ಬೀಸದೆ ಬಿಡಲಾದೀತೇ? ಡಾಂಬರು ರಸ್ತೆಯಲ್ಲಿ ಕ್ಯಾಮೆರಾ ಇದ್ದಷ್ಟು ದೂರ ಎಲ್ಲರೂ ಓಡಿದರು. ಓಡಿ ನೇರ ಮಂಡಕ್ಕಿ ಒಗ್ಗರಣೆ-ಮಿರ್ಚಿಯ ಸಾಲಿಗೆ ಹೋಗಿ ನಿಂತರು. ಮರುದಿನ ಗುಡ್ಡದ ಓಟ ಯಶಸ್ವಿ ಎಂಬ ಸುದ್ದಿ ಬಂತು. ಸುಳ್ಳಲ್ಲ ಬಿಡಿ. ಅತಿಥಿ ಬಂದರು, ಭಾಷಣವಾಯಿತು, ತಿಂಡಿ ಸಾಲಲಿಲ್ಲ ಎಂಬ ದೂರಿಲ್ಲ. ಇನ್ನೇನು ಬೇಕು ಯಶಸ್ಸಿಗೆ?

ನಾವಿಬ್ಬರೂ ಮಿರ್ಚಿ ಮುಟ್ಟಲಿಲ್ಲ. ಬ್ಯಾನರಿನ ಹಿಂದೆ ಹೋಗಿ ಕಲ್ಲಿನ ಮೇಲೆ ಕೂತೆವು. ಅಲ್ಲಿಂದ ಗುಡ್ಡ ಪೂರ್ತಿ ಕಾಣುತ್ತಿತ್ತು.

“ಹೋದ ವರ್ಷ ನೀನಾದ್ರೂ ಹತ್ತಿ ಬರಬೇಕಿತ್ತು ಶರಣಕ್ಕ” ಅಂದೆ.

“ನಿನ್ನ ಕೆಳಗ ಬಿಟ್ಟು ನಾ ಮ್ಯಾಲ ಹೋಗಿ ಏನ್ ನೋಡಬೇಕಿತ್ತು?” ಅಂದಳು. ಆಮೇಲೆ ಸೆರಗಿಲ್ಲದ್ದರಿಂದ ಟೀ ಶರ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಹೈಸ್ಕೂಲು ಹುಡುಗರನ್ನು ಗದರಿಸಿ ನಿಲ್ಲಿಸುವ ಹೆಂಗಸು ಅವಳು. ಅವಳು ಅಳುವುದನ್ನು ನಾನು ಮೊದಲು ಕಂಡಿರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಸಿರುಗುಪ್ಪಕ್ಕೆ ಹೋದಳು. ಹಣ್ಣಿನ ಬುಟ್ಟಿ ಅವಳ ಕೈಗೆ ಕೊಟ್ಟು ಕಳಿಸಿದೆ.

ವಾರದ ಮಧ್ಯಕ್ಕೆ ಇಂಜೆಕ್ಷನ್ನಿನ ಮರೆವು ಹರಿದು ನೋವು ಮರಳಿತು. ಈಗ ಅಂಗಡಿಯ ಅಟ್ಟದ ಮೆಟ್ಟಿಲು ಇಳಿಯುವಾಗ ಏಡಿಯಂತೆ ಅಡ್ಡಡ್ಡ ಇಳಿಯುತ್ತೇನೆ. “ಆರಾಮಿದ್ರ ಸಾಕಲ್ಲ, ಗುಡ್ಡ ಎಲ್ಲಿಗೆ ಹೊಕ್ಕೈತಿ?” ಅನ್ನುತ್ತಾರೆ ಮನೆಯವರು. ಸಮಾಧಾನಕ್ಕೆ ಹೇಳುತ್ತಾರೆ, ಗೊತ್ತು. ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ನಾನು ಹೋಗುವುದಿಲ್ಲ ಎಂಬುದೇ ದುಃಖ. ಪಾರ್ಕಿನಲ್ಲಿ ವಾಕಿಂಗ್ ಮಾಡಿ ಅನ್ನುವವರಿದ್ದಾರೆ. ಯೋಗ ಅನ್ನುವವರಿದ್ದಾರೆ. ನಸುಕಿನಲ್ಲಿ ಎಚ್ಚರವಾಗುತ್ತದೆ. ಚಳಿ ಕಿಟಕಿಯ ಹತ್ತಿರ ಬಂದು ನಿಂತಿರುತ್ತದೆ. ಶೂ ಹಾಕಿಕೊಳ್ಳುವ ಕೆಲಸವಿಲ್ಲ. ಮಗ್ಗಲು ಬದಲಿಸಿ ಗೋಡೆ ನೋಡುತ್ತಾ ಮಲಗಿರುತ್ತೇನೆ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ, ಈ ವಾರ ಒಂದು ದಿನವೂ ಏಳಬೇಕು ಅನ್ನಿಸಿಲ್ಲ.

ನಿನ್ನೆ ಬಸಣ್ಣ ಫೋನು ಮಾಡಿದ್ದ. ಪಾಪ, ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. “ಅಕ್ಕಾರ, ಕಮಿಟ್ಯಾಗ ಮಾತಾಡೀವಿ. ಬರೋ ವರ್ಷ ನೀವ ಮುಖ್ಯ ಅತಿಥಿ. ಓಡೋ ತ್ರಾಸಿಲ್ಲ. ಕಾರ್ಯಕ್ರಮ ಆರಕ್ಕ, ನೀವು ಒಂಬತ್ತಕ್ಕ ಬಂದ್ರೂ ನಡೀತೈತಿ.”

ಆಗಲಿ ಅಂದೆ. ಮೊಣಕಾಲು ಹೋದವರು ಸ್ಟೇಜು ಬಿಟ್ಟು ಇನ್ನೆಲ್ಲಿಗೆ ಹತ್ತಬೇಕು, ನೀವೇ ಹೇಳಿ?