ಹೆಸರು ಬರೆಸದ ಕೇಕ್

ಒಣದ್ರಾಕ್ಷಿ, ಖರ್ಜೂರಾನ ಕಡಕ್ ಚಹಾದಾಗ ನೆನಸಿ, ಚಕ್ಕೆ, ಶುಂಠಿ ಪುಡಿ ಹಾಕಿ ಕೇಕಿಗೆ ಹಿಟ್ಟು ಕಲಸಿಟ್ಟಿದ್ದೆ. ಒಲೆ ಹಚ್ಚೋಕೆ ಹೋದ್ರೆ ಸಿಲಿಂಡರ್ ಖಾಲಿ! ಕಲಸಿದ ಹಿಟ್ಟು ಚೆಲ್ಲೋಕಾಗುತ್ತಾ? ಡಬ್ಬಿ ಸಮೇತ ಹರಿಹರದ ನಮ್ಮ ಓಣಿಯ ಬೇಕರಿ ಭಟ್ಟಿಗೆ ಹೋದೆ. ಹಬ್ಬ ಬಂದ್ರೆ ಮನೆ ಬಿಸ್ಕೀಟಿನ ಹಿಟ್ಟನ್ನ ಎಲ್ಲರೂ ಅಲ್ಲೇ ಬೇಯಿಸಿಕೊಂಡು ಬರೋದು.

ಕೇಕ್ ಚೆನ್ನಾಗೇ ಉಬ್ಬಿ, ಮೇಲೆ ಉದ್ದಕ್ಕೆ ಬಿರೀತು. ಭಟ್ಟಿಯ ಭಾಯ್ ಕ್ರೀಮ್ ಹಿಡ್ಕೊಂಡು ಬಂದ.

"ಬಿರುಕು ಮುಚ್ಚಿಬಿಡ್ತೀನಕ್ಕ. ಯಾರ ಹೆಸರು ಬರೀಲಿ?"

"ಯಾರದೂ ಬ್ಯಾಡ. ಬಿರುಕೂ ಇರಲಿ."

"ಮತ್ತೆ ಬರ್ತ್‌ಡೇ ಯಾರದು?"

"ಯಾರದೂ ಅಲ್ಲ. ಚಹಾದ ಜೊತೆ ನಾನು ತಿನ್ನಾಕ."

ಪಕ್ಕದಾಗ ಬ್ರೆಡ್ಡಿಗೆ ನಿಂತಿದ್ದ ಹೆಂಗಸಿಗೆ ತಡೆಯೋಕಾಗಲಿಲ್ಲ. "ನೀವೊಬ್ರೇನಾ? ಮನ್ಯಾಗ ಮಕ್ಕಳು ಮರಿ ಇಲ್ಲೇನ್ರಿ?"

"ಅದಾರ್ರಿ. ಅವರ ಬರ್ತ್‌ಡೇಗೆ ಅವರಿಗೆ ಮಾಡ್ತೀನಿ. ಇದು ನಂದು."

ಭಾಯ್ ಮನಸ್ಸು ತಡೀದೆ ಒಂದು ಮೇಣದಬತ್ತಿ, ಪ್ಲಾಸ್ಟಿಕ್ ಚಾಕು ಇಟ್ಟೇ ಕೊಟ್ಟ. ಬತ್ತಿ ವಾಪಸ್ ಕೊಟ್ಟು ಚಾಕು ಇಟ್ಕೊಂಡೆ. ಅಲ್ಲೇ ಬೆಂಚಿನ ಮೇಲೆ ಕೂತು, ಚಹಾ ತರಿಸಿ, ದಪ್ಪಗೆ ಒಂದು ತುಂಡು ಕೊಯ್ದು ತಿಂದೆ.

ಆ ಹೆಂಗಸು ಬ್ರೆಡ್ ತಗೊಂಡ ಮೇಲೂ ನೋಡ್ತಾ ನಿಂತೇ ಇದ್ಲು. "ಬರ್ರಿ, ತಿನ್ರಿ" ಅಂತ ನಾನು ಬಾಯಿಮಾತಿಗೂ ಅನ್ನಲಿಲ್ಲ.