ಆರು ಮನೆ ಶ್ರುತಿ

ಕೋವಿಡ್ ಬೀಗ ತೆಗೆದ ಮರುವರ್ಷ ನಾನು ಚಿಕ್ಕಬಳ್ಳಾಪುರದ ಹೊರಗೆ, ಪೆರೇಸಂದ್ರದ ಕಡೆ ಹೋಗುವ ಹೆದ್ದಾರಿ ಪಕ್ಕದ ಸ್ನಾತಕೋತ್ತರ ಕೇಂದ್ರವೊಂದರಲ್ಲಿ ಸಂಗೀತ ವಿಭಾಗದ ಸಂಯೋಜಕಿಯಾಗಿ ಸೇರಿದೆ. ಸಂಯೋಜಕಿ ಎಂದರೆ ಮುಖ್ಯಸ್ಥರ ಕೆಲಸವೆಲ್ಲ ಇರುತ್ತದೆ, ಮುಖ್ಯಸ್ಥರ ಕುರ್ಚಿ ಇರುವುದಿಲ್ಲ. ಆಗ ನನಗೆ ಮೂವತ್ತು ತುಂಬಿರಲಿಲ್ಲ. ನನ್ನನ್ನು ಹಾಡುಗಾರ್ತಿ ಎಂದು ಯಾರೂ ಕರೆಯುವುದಿಲ್ಲ. ನನ್ನ ವಿಷಯ ಸಂಗೀತಶಾಸ್ತ್ರ. ಕಾಲೇಜಿನ ದಿನಗಳನ್ನು ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಕಳೆದವಳು ನಾನು. ಯಾರಾದರೂ ‘ಪರಂಪರೆ’ ಎಂದ ಕೂಡಲೇ ‘ಯಾವಾಗಿನಿಂದ?’ ಎಂದು ಕೇಳುವ ಚಾಳಿ ಅಲ್ಲಿ ಹತ್ತಿದ್ದು, ಇನ್ನೂ ಬಿಟ್ಟಿಲ್ಲ.

ಸೇರಿದ ವಾರವೇ ಗೊತ್ತಾಯಿತು, ವಿಭಾಗದ ತಲೆಯ ಮೇಲೆ ಕತ್ತಿ ತೂಗುತ್ತಿದೆ ಎಂದು. ವಿಶ್ವವಿದ್ಯಾಲಯದ ಪರಿಶೀಲನಾ ಸಮಿತಿ ಆ ಶೈಕ್ಷಣಿಕ ವರ್ಷದ ಕೊನೆಗೆ ಬರಲಿತ್ತು. ತರಗತಿ ನೋಡಿ, ವಿದ್ಯಾರ್ಥಿನಿಯರ ಹಾಡು ಕೇಳಿ, ವಿಭಾಗವನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ಅದು ಹೇಳುವುದು. ಹಾಗಾಗಿ ಎಲ್ಲರ ಭರವಸೆ ಇಬ್ಬರ ಮೇಲಿತ್ತು. ಒಬ್ಬರು ಚಿಂತಾಮಣಿಯಿಂದ ದಿನಾ ಬರುತ್ತಿದ್ದ ಅತಿಥಿ ಉಪನ್ಯಾಸಕರು, ವೆಂಕಟಸ್ವಾಮಿ ಮೇಷ್ಟ್ರು. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಅವರ ಪಾಠ ಕೇಳದ ಸಂಗೀತದ ಮನೆ ಇರಲಿಲ್ಲ. ಇನ್ನೊಬ್ಬಳು ಅವರ ಮೆಚ್ಚಿನ ಶಿಷ್ಯೆ, ಮೇಲೂರಿನ ಲಾವಣ್ಯ. ಅವಳು ಬಾಯಿ ಬಿಟ್ಟರೆ ಕಾರಿಡಾರಿನಲ್ಲಿ ಹೋಗುತ್ತಿದ್ದ ವಾಣಿಜ್ಯ ವಿಭಾಗದವರೂ ನಿಲ್ಲುತ್ತಿದ್ದರು.

ಮೇಷ್ಟ್ರದ್ದೊಂದು ಪದ್ಧತಿ. ವಿಜಯದಶಮಿಯ ಬೆಳಿಗ್ಗೆ ಹೊಸ ಶಿಷ್ಯೆಯನ್ನು ಎದುರಿಗೆ ಕೂರಿಸಿಕೊಂಡು, ಎಲೆ ಅಡಿಕೆ ಕಾಯಿ ಇಟ್ಟು, ಶ್ರುತಿ ಪೆಟ್ಟಿಗೆ ಹಾಕಿ, ‘ಇದು ನಿನ್ನ ಮನೆ ಕಣಮ್ಮ, ಬಿಟ್ಟು ಹೋಗ್ಬೇಡ’ ಎನ್ನುತ್ತಿದ್ದರು. ಇದಕ್ಕೆ ಶ್ರುತಿ ಕೊಡುವುದು ಎಂದು ಹೆಸರು. ಹಾರ್ಮೋನಿಯಂ ಪಟ್ಟಿಗಳನ್ನು ಎಣಿಸಿ ನಮ್ಮವರು ಶ್ರುತಿಯ ಎತ್ತರವನ್ನು ‘ಮನೆ’ಯಲ್ಲಿ ಹೇಳುತ್ತಾರೆ; ಎಣಿಕೆ ಏರಿದಷ್ಟೂ ದನಿ ಮೇಲೇರಬೇಕು. ಹೆಚ್ಚಿನ ಹೆಣ್ಣುದನಿಗಳಿಗೆ ನಾಲ್ಕೂವರೆ, ಐದು ಹಿತ. ಮೇಷ್ಟ್ರು ಹುಡುಗಿಯರಿಗೆಲ್ಲ ಒಂದೇ ಶ್ರುತಿ ಕೊಡುತ್ತಿದ್ದರು: ಆರು. ಅವರ ಗುರುಗಳು ಹೆಣ್ಣುಮಕ್ಕಳಿಗೆ ಆರೇ ಎಂದಿದ್ದರಂತೆ. ಒಮ್ಮೆ ಕೊಟ್ಟದ್ದನ್ನು ಗುರುವೇ ಬದಲಿಸಬೇಕು. ಶಿಷ್ಯೆ ಕೇಳುವಂತಿಲ್ಲ.

ಅವರ ಇನ್ನೊಂದು ನಿಯಮವನ್ನು ನಾನು ಮೊದಲ ದಿನವೇ ಕಣ್ಣಾರೆ ಕಂಡೆ. ಪಾಠದ ನಡುವೆ ಕರೆಂಟ್ ಹೋಗಿ ಶ್ರುತಿ ಪೆಟ್ಟಿಗೆ ನಿಂತಿತು. ಅಷ್ಟೂ ಹುಡುಗಿಯರು ಪದದ ಮಧ್ಯದಲ್ಲೇ, ಯಾರೋ ಕತ್ತರಿಸಿದಂತೆ ನಿಂತರು. ಒಂದು ಅಕ್ಷರವೂ ಆಚೆಗೆ ಚೆಲ್ಲಲಿಲ್ಲ.

“ಶ್ರುತಿ ನಿಂತ್ರೆ ಬಾಯಿ ನಿಲ್ಬೇಕು ಮೇಡಮ್ಮ” ಎಂದರು ಮೇಷ್ಟ್ರು, ನನ್ನ ಮುಖದ ಬೆರಗು ನೋಡಿ. “ಶ್ರುತಿ ಇಲ್ದೆ ಹಾಡೋಳು ನನ್ನ ಶಿಷ್ಯೆ ಅಲ್ಲ.”

ಇಷ್ಟು ಶಿಸ್ತು ನೋಡಿ ನನಗೆ ಮೆಚ್ಚುಗೆಯೂ ಆಯಿತು, ಕೊಂಚ ಹೆದರಿಕೆಯೂ ಆಯಿತು.

ಎರಡನೇ ಸೆಮಿಸ್ಟರ್ ಶುರುವಾದ ಮೇಲೆ ಪಾಠದ ಕೋಣೆಯ ಸದ್ದು ಬದಲಾಗತೊಡಗಿತು. ಆಫೀಸಿನಲ್ಲಿ ಕೂತು ಕೇಳುತ್ತಿದ್ದವಳಿಗೆ ಗೊತ್ತಾಗುತ್ತಿತ್ತು, ಹಾಡು ದಿನದಿಂದ ದಿನಕ್ಕೆ ತೆಳುವಾಗುತ್ತಿದೆ. ಗೈರುಹಾಜರಿ ಇರಬೇಕೆಂದುಕೊಂಡು ಹೋಗಿ ಬಾಗಿಲಲ್ಲಿ ನಿಂತೆ. ಯಾರೂ ತಪ್ಪಿಸಿಕೊಂಡಿರಲಿಲ್ಲ. ಎಲ್ಲರ ಬಾಯಿಯೂ ತೆರೆದಿತ್ತು, ಕೈ ತಾಳ ಹಾಕುತ್ತಿತ್ತು, ಕತ್ತಿನ ನರ ಎದ್ದಿತ್ತು. ಹಿಂದಿನ ಸಾಲಿನ ಬೆನ್ನಿಗೆ ಹೋಗಿ ನಿಂತೆ. ಅಲ್ಲಿ ಏನೂ ಕೇಳಿಸಲಿಲ್ಲ. ಸಾಲಿಗೆ ಸಾಲೇ ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುತ್ತಿತ್ತು.

ಪಾಠ ಮುಗಿದ ಮೇಲೆ ಆ ಸಾಲಿನ ಆಫ್ರೀನಳನ್ನು ಹಿಡಿದೆ. ಶಿಡ್ಲಘಟ್ಟದವಳು, ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲದ ಹುಡುಗಿ.

“ಹಿಂದಿನ ಸಾಲಲ್ಲಿ ದನೀನೇ ಇರ್ಲಿಲ್ಲ ಕಣಮ್ಮ. ಬರೀ ಬಾಯಿ ಇತ್ತು.”

ಆಫ್ರೀನ್ ಬಾಗಿಲ ಕಡೆ ಒಮ್ಮೆ ನೋಡಿದಳು. “ಸರದಿ ಮೇಡಂ. ಇವತ್ತು ಹಿಂದಿನ ಸಾಲು ರೆಸ್ಟು, ನಾಳೆ ಮುಂದಿನ ಸಾಲು. ಎಲ್ಲಾರೂ ದಿನಾ ಹಾಡಿದ್ರೆ ಯಾರ್ಗೂ ಗಂಟ್ಲು ಉಳಿಯಲ್ಲ.”

“ಮೇಷ್ಟ್ರಿಗೆ ಹೇಳಿ, ಶ್ರುತಿ ಇಳಿಸಿ ಅಂತ.”

“ಎಲೆ ಅಡಿಕೆ ಇಟ್ಟು ಈಸ್ಕೊಂಡಿದ್ದು ಮೇಡಂ. ಸೀರೆನಾ ಅದು, ಕಲರ್ ಚೆನ್ನಾಗಿಲ್ಲ ಅಂತ ವಾಪಸ್ ಕೊಡಕ್ಕೆ?”

“ಲಾವಣ್ಯಂಗೆ ಸರದಿ ಯಾವಾಗ?”

ಅಲ್ಲಿಯವರೆಗೂ ಇದ್ದ ತುಂಟತನ ಅವಳ ಮುಖದಿಂದ ಇಳಿಯಿತು. “ಅವಳಿಗಿಲ್ಲ. ಮೇಷ್ಟ್ರು ಅವಳ ಮುಖಾನೇ ನೋಡ್ಕೊಂಡು ಪಾಠ ಮಾಡ್ತಾರೆ. ಮಾತಾಡ್ಸಿ ನೋಡಿ ನೀವೇ.”

ಮಾತಾಡಿಸಿದೆ. ಲಾವಣ್ಯಳ ದನಿಯಲ್ಲಿ ಮರಳು ಸೇರಿದಂತಿತ್ತು. ಶೀತ ಎಂದಳು. ಅದು ಶೀತದ ದನಿಯಲ್ಲ.

ಮರುದಿನ ಅವಳನ್ನೂ ಅವಳ ತಾಯಿಯನ್ನೂ ಚಿಕ್ಕಬಳ್ಳಾಪುರದ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಸಣ್ಣ ಕ್ಯಾಮೆರಾ ಇಳಿಸಿ ಧ್ವನಿಪೆಟ್ಟಿಗೆ ನೋಡುವ ಪರೀಕ್ಷೆ, ಲ್ಯಾರಿಂಗೋಸ್ಕೋಪಿ. ಪರದೆಯ ಮೇಲೆ ಎರಡು ಧ್ವನಿತಂತುಗಳು ಕಂಡವು; ಒಂದನ್ನೊಂದು ಕೂಡುವ ಕಡೆ ಎರಡರ ಮೇಲೂ ಒಂದೊಂದು ಗಂಟು. ‘ನಾಡ್ಯೂಲ್’ ಎಂದರು ವೈದ್ಯರು. ಅಂಗೈಯಲ್ಲಿ ಆಣಿ ಏಳುತ್ತದಲ್ಲ, ಹಾಗೆ, ಮಿತಿಮೀರಿದ ಉಜ್ಜಾಟಕ್ಕೆ ಏಳುವುದು.

“ಈಗ ಮೆತ್ತಗಿದೆ, ಇಳಿಯುತ್ತೆ. ಒಂದು ತಿಂಗಳು ಮಾತು ಬೇಡ, ಹಾಡಂತೂ ಬೇಡವೇ ಬೇಡ. ಇದರ ಮೇಲೇ ಜೋರಾಗಿ ಎಳೆದು ರಕ್ತನಾಳ ಒಡೀತು ಅಂದ್ರೆ, ಆಮೇಲೆ ಈ ದನಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ.”

ತಾಯಿ ಸೆರಗಿನಿಂದ ಬಾಯಿ ಒತ್ತಿಕೊಂಡು, “ಗೊಂತು ಪೋತೇ ಈ ಪಿಲ್ಲಕಿ ಇಂಕೇಮುಂದಿ” ಎಂದರು ತೆಲುಗಿನಲ್ಲಿ. ಗಂಟಲು ಹೋದರೆ ಈ ಹುಡುಗಿಗೆ ಇನ್ನೇನಿದೆ. ಸಮಿತಿ ಬರಲು ಎರಡೇ ವಾರವಿತ್ತು.

ನಾನು ಮೇಷ್ಟ್ರ ಜೊತೆ ಕೂತೆ. ವೈದ್ಯರು ಹೇಳಿದ್ದು, ಗಂಟಲಿನ ಅಂಗರಚನೆ, ಕಂಪನದ ಲೆಕ್ಕ, ಎಲ್ಲ ಮುಂದಿಟ್ಟೆ. ಅವರು ಸಮಾಧಾನವಾಗಿ ಕೇಳಿದರು. ಕೆಟ್ಟ ಮನುಷ್ಯರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಲಾವಣ್ಯಳಿಗೆ ಬೇಸಿಗೆಯಲ್ಲಿ ಮಜ್ಜಿಗೆ ಕುಡಿಯಬೇಡ ಎಂದು ಫೋನ್ ಮಾಡಿ ನೆನಪಿಸುತ್ತಿದ್ದವರು ಅವರು.

“ಗಂಟ್ಲು ಶ್ರುತಿಗೆ ಬಗ್ಬೇಕಮ್ಮ, ಶ್ರುತಿ ಗಂಟ್ಲಿಗಲ್ಲ. ಬೆಂಕೀಲಿ ಇಡ್ದೆ ಮಡಕೆ ಗಟ್ಟಿಯಾಗುತ್ತಾ?”

“ಒಡೆದ ಮಡಕೆಗಳ್ನ ಯಾರು ನೋಡಿದ್ರು ಮೇಷ್ಟ್ರೇ? ನಿಮ್ಮ ಹಳೇ ಶಿಷ್ಯೆಯರಲ್ಲಿ ಈಗ ಯಾರು ಹಾಡ್ತಿದ್ದಾರೆ, ಹೇಳಿ.”

ಅವರು ಹೆಸರುಗಳನ್ನು ಹೇಳುತ್ತಾ ಹೋದರು. ಒಬ್ಬಳು ಹಿಂದೂಪುರಕ್ಕೆ ಮದುವೆಯಾಗಿ ಹೋದಳು. ಇನ್ನೊಬ್ಬಳಿಗೆ ಸರ್ಕಾರಿ ಕೆಲಸವಾಯಿತು. ಗೌರಿಬಿದನೂರಿನ ಪದ್ಮ, ಎಲ್ಲರಿಗಿಂತ ಮೇಲು ಅವಳು, ಮಗುವಾದ ಮೇಲೆ ಬಿಟ್ಟಳು. ಸಂಸಾರ ಬಂದರೆ ಸಂಗೀತ ಹೋಗುತ್ತದೆ, ಏನು ಮಾಡುವುದು.

“ಎಲ್ಲಾರೂ ಬಿಟ್ರಾ?” ಎಂದೆ.

ಅವರು ಚಿಂತಾಮಣಿ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಚರ್ಚೆಯಾಗಿದ್ದರೆ ನಾನು ಗೆದ್ದಿದ್ದೆ. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಆರು ಮನೆ ಶ್ರುತಿ ಹಾಕಿ ಅವರು ಪಾಠ ಶುರುಮಾಡಿದರು. ತೀರ್ಪುಗಾರರಿಲ್ಲದ ಕಡೆ ಗೆಲುವಿಗೆ ಬೆಲೆಯಿಲ್ಲ.

ಆ ಭಾನುವಾರ ನಾನು ಗೌರಿಬಿದನೂರಿಗೆ ಹೋದೆ. ಪದ್ಮ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ನಾನು ಯಾರೆಂದು ಹೇಳಿದೆ. ಅವರು ಮಾತಾಡಲು ಬಾಯಿ ತೆರೆದಾಗ ಮೊದಲು ಗಾಳಿ ಬಂತು. ಅದರ ಹಿಂದೆ, ಬಹಳ ಹಿಂದೆ, ಒಂದು ಕೆರೆತದಂಥ ದನಿ.

“ಮಗು ಕಾರಣ ಅಲ್ಲ ಮೇಡಂ. ಮಗು ಹುಟ್ಟೋ ಮೊದ್ಲೇ ಹೋಗಿತ್ತು.”

“ಮೇಷ್ಟ್ರಿಗೆ ಗೊತ್ತಾ?”

“ದಯವಿಟ್ಟು ಹೇಳ್ಬೇಡಿ. ಅವ್ರು ಕೊಟ್ಟಿದ್ದು ಸರೀನೇ ಇತ್ತು. ಇಟ್ಕೊಳಕ್ಕೆ ಬರ್ದೇ ಇದ್ದೋಳು ನಾನು.”

ಆ ಮಾತು ಕೇಳಿ ನನಗೆ ನಿಜವಾಗಿ ಭಯವಾಯಿತು. ದನಿ ಕಳೆದುಕೊಂಡವರೆಲ್ಲ ತಪ್ಪು ತಮ್ಮದೆಂದು ಬಾಯಿ ಮುಚ್ಚಿಕೊಂಡು ಒಂದೊಂದು ಊರಿನಲ್ಲಿ ಕೂತಿದ್ದರು. ಮೇಷ್ಟ್ರ ಕಿವಿಗೆ ಒಬ್ಬರ ಸುದ್ದಿಯೂ ಬಿದ್ದಿರಲಿಲ್ಲ. ಪ್ರತಿ ವಿಜಯದಶಮಿಗೂ ಹೊಸ ಹುಡುಗಿಯರು ಎಲೆ ಅಡಿಕೆ ಹಿಡಿದು ಬರುತ್ತಲೇ ಇದ್ದರು.

ಹಿಂದಿರುಗಿ ಲಾವಣ್ಯಳಿಗೆ ಸ್ಪಷ್ಟವಾಗಿ ಹೇಳಿದೆ: ಸಮಿತಿಯ ಮುಂದೆ ನೀನು ಹಾಡಕೂಡದು. ಮುಂದಿನ ಸಾಲಿನಲ್ಲಿ ಕೂತು ಬಾಯಿ ಆಡಿಸು, ಸಾಕು. ಅವಳು ತಲೆಯಾಡಿಸಿದಳು. ತೀರಾ ಬೇಗ ತಲೆಯಾಡಿಸಿದಳು. ಆ ಒಪ್ಪಿಗೆಯನ್ನು ನಾನು ನಂಬಲಿಲ್ಲ. ಮನೆಗೇ ಕಳಿಸೋಣವೆಂದರೆ ತಾಯಿ, “ಮೇಷ್ಟ್ರು ಕೂತ್ಕೋ ಅಂದವ್ರೆ ಮೇಡಂ, ಬರ್ದೇ ಇರಕ್ಕಾಗುತ್ತಾ” ಎಂದರು. ಹಾಗಾಗಿ ಆ ದಿನ ವೇದಿಕೆಯ ಪಕ್ಕದಲ್ಲಿ, ಲಾವಣ್ಯಳ ಮುಖ ಕಾಣುವ ಕಡೆ, ಗೋಡೆಗೆ ಒತ್ತಿಕೊಂಡು ಕುರ್ಚಿ ಹಾಕಿಕೊಂಡೆ. ಶ್ರುತಿ ಪೆಟ್ಟಿಗೆಯ ಪ್ಲಗ್ ಅಲ್ಲೇ ಇತ್ತು.

ಸಮಿತಿಯವರು ಮೂವರು. ಪಲ್ಲವಿ ಹೇಗೋ ದಾಟಿತು. ಅನುಪಲ್ಲವಿಯಲ್ಲಿ ಹಾಡು ಮೇಲಿನ ‘ಸ’ಕ್ಕೆ ಏರಬೇಕು. ಆ ದಿನ ಯಾರಿಗೂ ಸರದಿಯ ರಜೆಯಿರಲಿಲ್ಲ; ಲಾವಣ್ಯ ಬಾಯಿ ಆಡಿಸುತ್ತಿದ್ದಳು, ಉಳಿದವರೆಲ್ಲ ಹಾಡುತ್ತಿದ್ದರು. ಆದರೆ ಎಲ್ಲರೂ ಸೇರಿದರೂ ಕೋಣೆ ತುಂಬುವಷ್ಟು ದನಿ ಉಳಿದಿರಲಿಲ್ಲ. ಮೇಲೇರುತ್ತಿದ್ದಂತೆ ಒಂದೊಂದೇ ಉದುರಿತು. ಸಮಿತಿಯ ಹಿರಿಯರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಆಗ ಮೇಷ್ಟ್ರು ಮಂಡಿಯ ಮೇಲಿನ ಕೈಯಿಂದ ಒಂದು ಬೆರಳನ್ನು ಲಾವಣ್ಯಳ ಕಡೆ ಎತ್ತಿದರು.

ಅವಳ ಬೆನ್ನು ನೆಟ್ಟಗಾಯಿತು. ಕಣ್ಣು ಮೇಷ್ಟ್ರ ಬೆರಳಿನ ಮೇಲೆ. ಹೊಟ್ಟೆಯಿಂದ ಉಸಿರು ಎಳೆದುಕೊಂಡಳು, ಎದೆ ಏರಿತು, ತುಟಿ ಬಿಡಿಸಿಕೊಂಡಿತು. ನಾನು ಬೇಡ ಎಂದರೆ ಅವಳು ಕೇಳುತ್ತಿರಲಿಲ್ಲ. ಆ ಕೋಣೆಯಲ್ಲಿ ಅವಳು ಕೇಳುವುದು ಒಂದನ್ನೇ ಎಂದು ನನಗೆ ಗೊತ್ತಿತ್ತು.

ಪ್ಲಗ್ ಕಿತ್ತೆ.

ಶ್ರುತಿ ನಿಂತಿತು. ಬಾಯಿಗಳು ನಿಂತವು. ಲಾವಣ್ಯ ಎಳೆದುಕೊಂಡ ಉಸಿರು ಬರೀ ಉಸಿರಾಗಿ ಹೊರಗೆ ಬಂತು. ಮೃದಂಗದವರು ಎರಡು ಪೆಟ್ಟು ಹೆಚ್ಚಿಗೆ ಬಾರಿಸಿ ತಬ್ಬಿಬ್ಬಾದರು.

“ಕರೆಂಟ್ ಹೋಯ್ತಾ?” ಎಂದರು ಮೇಷ್ಟ್ರು. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

“ಇಲ್ಲ ಮೇಷ್ಟ್ರೇ. ನಾನು ತೆಗೆದೆ.”

ಅವರು ಎದ್ದು ಶಲ್ಯ ಕೊಡವಿಕೊಂಡರು. “ಪದಮ್ಮಾ” ಎಂದರು ಲಾವಣ್ಯಳಿಗೆ ತೆಲುಗಿನಲ್ಲಿ, ನಡೆಯಮ್ಮ ಎಂದು. ಲಾವಣ್ಯ ಅರ್ಧ ಎದ್ದಳು. ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಮತ್ತೆ ಕೂತಳು. ಮೇಷ್ಟ್ರು ಒಬ್ಬರೇ ಹೋದರು.

ಮುಂದಿನ ವರ್ಷದ ಪ್ರವೇಶ ನಿಲ್ಲಿಸುವುದೆಂದು ತೀರ್ಮಾನವಾಯಿತು, ಓದುತ್ತಿದ್ದವರು ಮುಗಿಸಬಹುದು. ಒಬ್ಬ ಹುಡುಗಿಗಾಗಿ ವಿಭಾಗವನ್ನೇ ಮುಳುಗಿಸಿದೆ ಎಂದು ಸಹೋದ್ಯೋಗಿಗಳು ಹೇಳಿದರು. ಹೇಳುತ್ತಲೇ ಇದ್ದಾರೆ. ದನಿ ಉಳಿಯದ ಸಂಗೀತ ವಿಭಾಗವನ್ನು ಉಳಿಸಿ ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ.

ಲಾವಣ್ಯ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ವೈದ್ಯರು ಯಾರ ಜೊತೆಗೂ ಮಾತು ಬೇಡವೆಂದಿದ್ದರಿಂದ, ಅದರಲ್ಲಿ ಚಿಕಿತ್ಸೆ ಎಷ್ಟು, ಸಿಟ್ಟು ಎಷ್ಟು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಖಾಲಿ ಕೋಣೆಗೆ ಬಂದು ಕೂತಳು. ನಾನು ಶ್ರುತಿ ಪೆಟ್ಟಿಗೆಯನ್ನು ನಾಲ್ಕೂವರೆ ಮನೆಗೆ ತಿರುಗಿಸಿದೆ. ‘ಸ’ ಹಿಡಿದಳು, ದುಂಡಗೆ, ತಗ್ಗಿನಲ್ಲಿ, ಎಲ್ಲೂ ಉಜ್ಜದೆ. ಕೂಡಲೇ ನಿಲ್ಲಿಸಿಬಿಟ್ಟಳು.

“ಇದು ಯಾರ್ದೋ ದನಿ ಥರ ಐತೆ ಮೇಡಂ.”

“ನಿಂದೇ ಕಣಮ್ಮ.”

ಅವಳು ನಂಬಿದಳೆಂದು ಹೇಳಲಾರೆ. ಹಾಡುವುದನ್ನಂತೂ ಮುಂದುವರಿಸಿದಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಹಾಡುತ್ತಿರುವವರನ್ನು ಕೇಳುವುದಕ್ಕೆ ಸಭೆಯಿದೆ, ಸಮಿತಿಯಿದೆ. ಬಾಯಿ ತೆರೆದೂ ಸದ್ದಿಲ್ಲದವರನ್ನು ಕೇಳಿಸಿಕೊಳ್ಳುವುದು ವಿಭಾಗ ನಡೆಸುವವರ ಪಾಲಿನ ಕೆಲಸ. ಅದನ್ನು ಕೇಳಿಸಿಕೊಂಡ ಮೇಲೆ ವಾದದಲ್ಲಿ ಗೆಲ್ಲುವುದು ಸಾಲದು. ಪ್ಲಗ್ ಎಲ್ಲಿದೆ ಎಂದು ನೋಡಿಟ್ಟುಕೊಂಡಿರಬೇಕು.

ಕಳೆದ ತಿಂಗಳು ಆಫ್ರೀನಳನ್ನು ನೋಡಲು ಹೊರಟಿದ್ದೆ. ಮುರುಗಮಲ್ಲದ ಹತ್ತಿರ ಶಾಲೆಯೊಂದರಲ್ಲಿ ಅವಳೀಗ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಚಿಂತಾಮಣಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಅಂಗಡಿ ಸಾಲಿನ ಮೇಲ್ಮಹಡಿಯಿಂದ ಶ್ರುತಿ ಕೇಳಿಸಿತು. ಆರು ಮನೆ. ಕಿಟಕಿಯ ಸರಳಿನಾಚೆ ಮೇಷ್ಟ್ರ ಶಲ್ಯದ ಅಂಚು, ಜಡೆಗಳ ಸಾಲು. ಮೆಟ್ಟಿಲ ಬಾಯಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳು ರಾಶಿ ಬಿದ್ದಿದ್ದವು. ಹಾಡು ಮೇಲಿನ ‘ಸ’ದ ಕಡೆ ಏರುತ್ತಿತ್ತು. ಚಪ್ಪಲಿಗಳಿದ್ದಷ್ಟು ದನಿ ಅಲ್ಲಿರಲಿಲ್ಲ.

ಮುರುಗಮಲ್ಲದ ಬಸ್ಸು ಬಂತು, ಹೋಯಿತು. ನಾನು ಆ ಚಪ್ಪಲಿಗಳ ಪಕ್ಕದಲ್ಲಿ ನನ್ನವನ್ನೂ ಬಿಟ್ಟು ಮೆಟ್ಟಿಲು ಹತ್ತಿದೆ.